ಹಳೆಯ ಗಾಡಿಗೆ ಮಂಜುದೀಪ

ಮಡಿಕೇರಿಯ ಮಳೆಗಾಲವನ್ನು ಕಂಡವರಿಗೆ ಮಂಜೆಂದರೆ ಏನೆಂದು ಹೇಳಬೇಕಾಗಿಲ್ಲ. ಕಾಣದವರಿಗೆ ಹೇಳಿ ತಿಳಿಸುವುದು ಸುಲಭವೂ ಅಲ್ಲ. ಜುಲೈ ತಿಂಗಳ ಸಂಜೆ ಸಂಪಾಜೆ ಘಾಟಿಯನ್ನು ಏರುವಾಗ ರಸ್ತೆ, ಕಾಡು, ಕಣಿವೆ ಎಲ್ಲವೂ ಒಂದೇ ಬಿಳುಪಿನಲ್ಲಿ ಕರಗಿಹೋಗಿ, ಗಾಡಿಯ ಮೂತಿಯಿಂದಾಚೆಗೆ ಜಗತ್ತೊಂದು ಉಂಟೆಂಬುದೇ ಅನುಮಾನವಾಗುತ್ತದೆ. ಇಂಥ ದಾರಿಯಲ್ಲಿ ನಾನು ಓಡಿಸುವುದು 1952ರ ಮಾರಿಸ್ ಮೈನರ್ ಕಾರನ್ನು. ಇಂಗ್ಲೆಂಡಿನ ಹಳೆಗಾಡಿ ಪ್ರಿಯರ ಕಟ್ಟುನಿಟ್ಟಾದ ಲೆಕ್ಕದಲ್ಲಿ ‘ವಿಂಟೇಜ್’ ಎಂಬ ಬಿರುದು 1930ಕ್ಕೇ ಮುಗಿಯುತ್ತದೆ. ನಮ್ಮೂರಿನಲ್ಲಿ ಅಂಬಾಸಡರಿಗಿಂತ ಹಿಂದಿನದೆಲ್ಲವೂ ವಿಂಟೇಜೇ. ನನ್ನ ಗಾಡಿಗೆ ಬಿರುದು ಬಂದದ್ದು ಈ ಎರಡನೆಯ ನ್ಯಾಯದಿಂದ.

ಈ ಗಾಡಿಗೆ ಅದರ ಕಾಲದವೇ ಆದ ಒಂದು ಜೊತೆ ಫಾಗ್ ಲ್ಯಾಂಪುಗಳನ್ನು ಜೋಡಿಸಬೇಕೆಂದು ಹೊರಟಾಗ ಮೊದಲು ಎದುರಾದ ಪ್ರಶ್ನೆ ತಂತಿಯದಲ್ಲ, ಧರ್ಮದ್ದು. ಕಾರ್ಖಾನೆ ಕೊಡದುದನ್ನು ಹಳೆಯ ಗಾಡಿಗೆ ಸೇರಿಸಬಹುದೇ? ಕೂಡದೆಂದು ವಾದಿಸುವ ಮಡಿವಂತರುಂಟು. ಅವರ ದೃಷ್ಟಿಯಲ್ಲಿ ಗಾಡಿಯ ಆಯುಷ್ಯವೆಲ್ಲ ಅದು ಕಾರ್ಖಾನೆಯ ಬಾಗಿಲು ದಾಟಿದ ಆ ಒಂದು ದಿನದಲ್ಲಿಯೇ ನಿಂತುಬಿಡಬೇಕು. ಆದರೆ ಆ ದಿನ ಮೈನರ್ ಬಡವರ ಮದುಮಗಳಂತೆ ಬರಿಗೊರಳಿನಲ್ಲಿ ಹೊರಬರುತ್ತಿತ್ತು. ಮಂಜುದೀಪದಂಥ ಒಡವೆಗಳನ್ನು ಒಡೆಯನು ತನ್ನ ಊರಿನ ಹವೆಗೂ ತನ್ನ ಕೈಚೀಲಕ್ಕೂ ತಕ್ಕಂತೆ ಆಮೇಲೆ ಕೊಂಡು ತೊಡಿಸುತ್ತಿದ್ದನು.

ಇಂಗ್ಲೆಂಡಿನಲ್ಲಿ ಆ ದೀಪಗಳಿಗೆ ಅಷ್ಟೊಂದು ಗಿರಾಕಿ ಇದ್ದುದಕ್ಕೆ ಕಾರಣ ಮನೆಮನೆಯ ಕಲ್ಲಿದ್ದಲ ಒಲೆ. ನನ್ನ ಗಾಡಿ ಹುಟ್ಟಿದ 1952ರಲ್ಲಿಯೇ, ಡಿಸೆಂಬರ್ 5ರಿಂದ 9ರವರೆಗೆ, ಹೊಗೆ ಬೆರೆತ ಮಂಜು ಲಂಡನ್ ನಗರವನ್ನು ಮುಚ್ಚಿತು. ಕಂಡಕ್ಟರನು ಪಂಜು ಹಿಡಿದು ಮುಂದೆ ನಡೆದರೆ ಮಾತ್ರ ಬಸ್ಸು ಹಿಂದೆ ತೆವಳಬೇಕು, ಅಂಥ ಕತ್ತಲೆ. ಸತ್ತವರು ಸುಮಾರು 4,000 ಎಂದು ಆಗಿನ ಲೆಕ್ಕ. ಅನಂತರದ ಸಂಶೋಧಕರು ಆ ಸಂಖ್ಯೆಯನ್ನು 12,000ದವರೆಗೂ ಏರಿಸಿದ್ದಾರೆ. ಹೊಗೆಯನ್ನು ಹತೋಟಿಗೆ ತರುವ ಕಾನೂನು ಅಲ್ಲಿ ಬಂದದ್ದು 1956ರಲ್ಲಿ. ಬಂಪರಿನ ಮೇಲೆ ಹೊಳೆಯುವ ಆ ದೀಪವನ್ನು ಬರಿಯ ಅಲಂಕಾರವೆಂದು ನೋಡುವವರು ಈ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ನನ್ನ ಧರ್ಮಸಂದೇಹವನ್ನು ಕೊನೆಗೆ ಪರಿಹರಿಸಿದ್ದು ಗಾಡಿಯೇ. ಮುಂದಿನ ಬಂಪರನ್ನು ಬಿಚ್ಚಿ ತುಕ್ಕು ಕೆರೆಯುತ್ತಿರುವಾಗ ಎಡಬಲಗಳಲ್ಲಿ ಒಂದೊಂದು ತೂತು ಕಾಣಿಸಿತು. ಯಾರೋ ಅವನ್ನು ಸೀಸದಿಂದ ತುಂಬಿ ಬಣ್ಣ ಬಳಿದಿದ್ದರು. ಗಾಡಿಯ ಹಿಂದಿನ ಒಡೆಯರು ಕಾಫಿ ತೋಟದವರು. ಇದೇ ಮಂಜಿನಲ್ಲಿ ಇದೇ ಘಾಟಿಯನ್ನು ಹತ್ತಿ ಇಳಿದವರು. ದೀಪ ಕಳಚಿಹೋಗಿತ್ತು, ಅದರ ಗುರುತು ಉಳಿದಿತ್ತು. ಹೊಸದಾಗಿ ಒಂದು ತೂತನ್ನೂ ಕೊರೆಯದೆ ಕೆಲಸ ಮುಗಿಯಿತಲ್ಲ ಎಂಬುದು ನನ್ನ ಸಂತೋಷ.

ದೀಪಗಳು ಬರ್ಮಿಂಗ್‌ಹ್ಯಾಮಿನ ಲೂಕಸ್ ಕಂಪೆನಿಯವು. ಈ ಕಂಪೆನಿಗೆ ಮೋಟಾರು ಮಂದಿ ‘ಅಂಧಕಾರದ ರಾಜಕುಮಾರ’ ಎಂಬ ಹಾಸ್ಯದ ಹೆಸರನ್ನಿಟ್ಟಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಆ ಅಂಧಕಾರದಲ್ಲಿ ಬಹುಪಾಲು ತುಕ್ಕಿನದು. ಹಳೆಯ ದೀಪಕ್ಕೆ ಹೋಗುವ ತಂತಿ ಒಂದೇ. ಕರೆಂಟು ಮರಳಿ ಬರುವ ದಾರಿ ಗಾಡಿಯ ಮೈ. ಬಂಪರಿನ ಬುಡದಲ್ಲಿ ತುಕ್ಕೋ ಬಣ್ಣವೋ ಅಡ್ಡವಾದರೆ ದೀಪ ಮಿಣುಕುತ್ತದೆ. ದೀಪದ ಬುಡದಿಂದ ಗಾಡಿಯ ಚೌಕಟ್ಟಿಗೆ ಪ್ರತ್ಯೇಕವಾಗಿ ಒಂದು ಕಪ್ಪು ತಂತಿಯನ್ನು ಎಳೆದರೆ ರಾಜಕುಮಾರನ ಅರ್ಧ ರಾಜ್ಯ ಹೋದಂತೆ.

ನಮ್ಮ ಮೇಸ್ತ್ರಿಗಳಿಗೆ ಈ ಹಳೆಯ ದೀಪಗಳ ಮೇಲೆ ಗೌರವವಿರಲಿಲ್ಲ. “ಈಗಿನ ಎಲ್.ಇ.ಡಿ. ಹಾಕಿಬಿಡುವಾ ಸಾರ್, ಹಗಲಿನ ಹಾಗೆ ಬೆಳಕಾಗ್ತದೆ” ಎಂದರು.

“ಮಂಜಿನಲ್ಲಿ ಹಗಲಾದರೆ ಏನು ಕಾಣ್ತದೆ ಮೇಸ್ತ್ರಿಗಳೇ?” ಎಂದೆ.

ಅವರು ಸ್ವಲ್ಪ ಯೋಚಿಸಿ, “ಮಂಜೇ ಕಾಣ್ತದೆ” ಎಂದು ನಕ್ಕರು.

ಮಂಜುದೀಪದ ಮರ್ಮವೆಲ್ಲ ಆ ಮಾತಿನಲ್ಲಿದೆ. ಅದರ ಗುಣ ಪ್ರಖರತೆಯಲ್ಲ, ಹಳದಿ ಬಣ್ಣವೂ ಅಲ್ಲ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ಬಲವಾಗಿದೆ. ಫ್ರಾನ್ಸಿನಲ್ಲಂತೂ ಕಾರುಗಳ ತಲೆದೀಪಗಳೇ ದಶಕಗಟ್ಟಲೆ, 1993ರವರೆಗೆ, ಹಳದಿಯಾಗಿರಬೇಕಾಗಿತ್ತು. ಆದರೆ ಮಂಜಿನ ಹನಿಯ ಗಾತ್ರ ಸಾಮಾನ್ಯವಾಗಿ 10–20 ಮೈಕ್ರಾನ್. ಬೆಳಕಿನ ಅಲೆಯ ಉದ್ದ ಅರ್ಧ ಮೈಕ್ರಾನಿನ ಆಸುಪಾಸು. ಹನಿ ಅಷ್ಟು ದೊಡ್ಡದಾದಾಗ ಅದು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿಯೇ ಚದರಿಸುತ್ತದೆ. ಮಂಜು ಬೆಳ್ಳಗಿರುವುದೇ ಇದಕ್ಕೆ ಸಾಕ್ಷಿ. ಹಳದಿಯಿಂದ ಕಣ್ಣಿಗೆ ತುಸು ಹಿತವಾದೀತು, ಅಷ್ಟೆ. ನಿಜವಾದ ಉಪಕಾರ ಬೆಳಕಿನ ಆಕಾರದ್ದು. ಗೆರೆಗೆರೆಯಾದ ಗಾಜು ಬೆಳಕನ್ನು ಬೀಸಣಿಗೆಯಂತೆ ಅಗಲವಾಗಿ ಹರಡುತ್ತದೆ. ಮೇಲುಗಡೆ ಅದನ್ನು ಚಾಕುವಿನಿಂದ ಕತ್ತರಿಸಿದಂತೆ ತಡೆದಿರುತ್ತದೆ. ದೀಪ ತಗ್ಗಿನಲ್ಲಿರುವುದರಿಂದ ಬೆಳಕು ನೆಲದುದ್ದಕ್ಕೂ ತೆವಳಿ ಹೋಗುತ್ತದೆ. ನಮ್ಮ ಕಣ್ಣಿಗೂ ರಸ್ತೆಗೂ ನಡುವಿನ ಮಂಜು ಬಹುಮಟ್ಟಿಗೆ ಕತ್ತಲಲ್ಲಿಯೇ ಉಳಿಯುತ್ತದೆ. ಕತ್ತಲಲ್ಲಿದ್ದುದರಿಂದಲೇ ಅದು ಅಡ್ಡ ಬರುವುದಿಲ್ಲ.

ಎಲ್.ಇ.ಡಿ.ಗೆ ಇನ್ನೊಂದು ತೊಡಕೂ ಉಂಟು. ಆ ಕಾಲದ ಅನೇಕ ಬ್ರಿಟಿಷ್ ಗಾಡಿಗಳಂತೆ ಮೈನರಿನಲ್ಲಿಯೂ ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಮೈಗೆ ಸೇರಿದೆ, ಈಗಿನದಕ್ಕೆ ತಿರುಗುಮುರುಗು. ತಂತಿ ಕಾದು ಬೆಳಗುವ ಹಳೆಯ ಬಲ್ಬಿಗೆ ಕರೆಂಟು ಯಾವ ಕಡೆಯಿಂದ ಬಂದರೂ ಒಂದೇ. ಎಲ್.ಇ.ಡಿ.ಗೆ ಹಾಗಲ್ಲ.

ಇನ್ನುಳಿದದ್ದು ಜಮಾಖರ್ಚು. ನನ್ನ ಗಾಡಿಯ ಡೈನಮೊ ಎಷ್ಟು ಓಡಿದರೂ 20 ಆಂಪಿಯರ್ ಮುಟ್ಟುವುದಿಲ್ಲ. 48 ವಾಟಿನ ಎರಡು ಮಂಜುದೀಪಗಳಿಗೆ 12 ವೋಲ್ಟಿನಲ್ಲಿ 8 ಆಂಪಿಯರ್. ತಲೆದೀಪಗಳೆರಡಕ್ಕೆ ಸುಮಾರು 7. ಸಣ್ಣ ದೀಪಗಳಿಗೆ 2. ಮೇಲೆ ಇಗ್ನಿಷನ್ನು, ಮಳೆಗೆ ವೈಪರು. ಎಲ್ಲವನ್ನೂ ಒಟ್ಟಿಗೆ ಹಚ್ಚಿದರೆ ಆದಾಯಕ್ಕಿಂತ ವೆಚ್ಚವೇ ಮಿಗಿಲಾಗಿ ಬ್ಯಾಟರಿ ಸಾಲಕ್ಕೆ ಬೀಳುತ್ತದೆ. ಮಂಜಿನಲ್ಲಿ ನಾವು ಮೆಲ್ಲಗೆ ಹೋಗುತ್ತೇವೆ. ಮೆಲ್ಲಗೆ ಹೋದಾಗ ಡೈನಮೊ ಇನ್ನಷ್ಟು ಬಡವಾಗುತ್ತದೆ. ದೀಪ ಬೇಕಾದ ಗಳಿಗೆಯಲ್ಲಿಯೇ ಗಳಿಕೆ ಕಡಮೆ! ಆದುದರಿಂದ ಸಣ್ಣ ದೀಪಗಳ ಜೊತೆಗೆ ಮಾತ್ರ ಮಂಜುದೀಪ ಹತ್ತುವಂತೆಯೂ, ತಲೆದೀಪ ಹಚ್ಚಿದೊಡನೆ ಅದು ಆರುವಂತೆಯೂ ಒಂದು ರಿಲೇ ಇಟ್ಟು, ನಡುವೆ ಫ್ಯೂಸೊಂದನ್ನು ಸೇರಿಸಿದೆವು. ಮಂಜಿನಲ್ಲಿ ತಲೆದೀಪ ಆರಿರುವುದೇ ಕ್ಷೇಮವಾದ್ದರಿಂದ ಬಡತನ ಇಲ್ಲಿ ವಿವೇಕವನ್ನೂ ಕಲಿಸಿತು. ತಂತಿ ಮಾತ್ರ ಹಳೆಯ ಸಂಪ್ರದಾಯದಂತೆ ಹಳದಿ ಗೆರೆಯುಳ್ಳ ಕೆಂಪು.

ಕಡೆಯ ಕೆಲಸ ದೀಪದ ದೃಷ್ಟಿಯನ್ನು ಸರಿಪಡಿಸುವುದು. ಸಮನೆಲದಲ್ಲಿ ಗೋಡೆಯಿಂದ 25 ಅಡಿ ದೂರಕ್ಕೆ ಗಾಡಿಯನ್ನು ನಿಲ್ಲಿಸಿ, ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ 4 ಅಂಗುಲ ಕೆಳಗೆ ಬೀಳುವವರೆಗೆ ಬಗ್ಗಿಸಿದೆವು. ಮೇಸ್ತ್ರಿಗಳು ಸುಣ್ಣದ ಗೋಡೆಯ ಮೇಲೆ ಸೀಮೆಸುಣ್ಣದ ಬದಲು ಇದ್ದಿಲಿನಿಂದ ಗೆರೆ ಎಳೆದರು; ಅದು ಇನ್ನೂ ಅಲ್ಲಿದೆ, ಮನೆಯವರ ಆಕ್ಷೇಪಣೆಯೂ ಇದೆ.

ಆ ವಾರವೇ ಘಾಟಿಗೆ ಇಳಿದೆ. ಕಂಡದ್ದು ಹೆಚ್ಚೆಂದರೆ ಹದಿನೈದು ಗಜ: ರಸ್ತೆಯ ಎಡಅಂಚು, ಅದರಾಚೆ ನೀರು ಹರಿಯುವ ಚರಂಡಿ, ಪಾಚಿ ಹಿಡಿದ ಒಂದು ಮೈಲುಗಲ್ಲು. ಗಂಟೆಗೆ ಹತ್ತು ಮೈಲಿ ಹೋಗುವವನಿಗೆ ಅಷ್ಟು ಸಾಕು.