ತೊಗರಿ ಸಾಲಿನ ಗಂಧದ ಗಿಡ

ಲಿಂಗಸುಗೂರು ಬಿಟ್ಟು ರಾಯಚೂರಿನ ದಾರಿ ಹಿಡಿದರೆ ಕವಿತಾಳ ಸಿಗುತ್ತದೆ. ಮಸ್ಕಿ ಅಲ್ಲಿಂದ ದೂರವೇನಲ್ಲ. ಏಪ್ರಿಲ್ ಬಿಸಿಲಿಗೆ ಈ ಸೀಮೆಯಲ್ಲಿ ಹಸಿರು ಅಂತ ಕಣ್ಣಿಗೆ ಬೀಳುವುದು ಬೇವು ಮತ್ತು ಜಾಲಿ. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಸಿಂಧನೂರಿನ ಕಡೆ ಭತ್ತ; ಕಾಲುವೆ ಮುಟ್ಟದ ಹೊಲಗಳಲ್ಲಿ ಸಜ್ಜೆ, ತೊಗರಿ, ಹತ್ತಿ. ಶ್ರೀಗಂಧ ಅಂದರೆ ಇಲ್ಲಿಯ ಮಂದಿಗೆ ಮೈಸೂರಿನ ಸೋಪು, ದೇವರ ಜಗಲಿಯ ಮೇಲಿನ ಕೊರಡು, ಉರುಸಿನಲ್ಲಿ ಮೆರವಣಿಗೆ ಹೊರಟು ದರ್ಗಾ ಸೇರುವ ಗಂಧ. ಅದನ್ನು ಮರವಾಗಿ ಕಂಡವರು ಕಡಿಮೆ.

ಕವಿತಾಳದ ಕವಿತಾ ಮಿಶ್ರ ಅವರ ತೋಟಕ್ಕೆ ಜನ ಬರತೊಡಗಿದ್ದು ಅದಕ್ಕೇ. ಕಂಪ್ಯೂಟರ್ ಡಿಪ್ಲೊಮಾ ಓದಿ, ಮದುವೆಯಾಗಿ ಬಂದ ಮನೆಯಲ್ಲಿ ಒಕ್ಕಲುತನಕ್ಕೆ ಇಳಿದವರು ಅವರು. ಇದ್ದದ್ದು ಎಂಟು ಎಕರೆ ಚಿಲ್ಲರೆ ಹೊಲ. ಮೊದಲು ದಾಳಿಂಬೆ ಹಾಕಿದರು. ದುಂಡಾಣು ಅಂಗಮಾರಿ ಬಂದು ತೋಟವನ್ನೇ ತಿಂದುಹಾಕಿತು. ಈ ಜಿಲ್ಲೆಯಲ್ಲಿ ದಾಳಿಂಬೆಗೆ ದುಡ್ಡು ಸುರಿದ ಅನೇಕರ ಕಥೆ ಇಷ್ಟಕ್ಕೇ ಮುಗಿಯುತ್ತದೆ. ಅವರು ಮಾತ್ರ ಒಂದೇ ಬೆಳೆಯನ್ನು ನಂಬುವುದನ್ನು ಬಿಟ್ಟು ಸುಮಾರು ಎರಡು ಸಾವಿರ ಗಂಧದ ಗಿಡ ನೆಟ್ಟರು. ನಡುನಡುವೆ ಮಾವು, ಪೇರಲ, ಸೀತಾಫಲದಂಥ ಹಣ್ಣಿನ ಗಿಡ ಸೇರಿಸಿದರು.

ಗಂಧಕ್ಕೆ ಈ ಸಂಗಡಿಗರು ಬರೀ ಆದಾಯಕ್ಕಾಗಿ ಇರುವವರಲ್ಲ. ಗಂಧ ಅರೆ ಪರಾವಲಂಬಿ ಮರ. ಎಲೆಯಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ, ಆದರೆ ನೀರಿಗೆ, ಸಾರಕ್ಕೆ ಪಕ್ಕದವರ ಬೇರಿಗೆ ತನ್ನ ಹೀರುಬೇರು ಅಂಟಿಸುತ್ತದೆ. ಒಂಟಿಯಾಗಿ ನೆಟ್ಟರೆ ಒಂದೆರಡು ವರ್ಷ ಹಸಿರಾಗಿದ್ದು ಆಮೇಲೆ ಸೊರಗುತ್ತದೆ. ಮುನ್ನೂರಕ್ಕೂ ಹೆಚ್ಚು ಜಾತಿಯ ಗಿಡಗಳಿಂದ ಅದು ಹೀರಬಲ್ಲದು. ಹೆಚ್ಚು ಒಗ್ಗುವುದು ಸಾರಜನಕ ಹಿಡಿದಿಡುವ ದ್ವಿದಳ ಜಾತಿಯವು. ಸಸಿ ಎಳೆಯದಿರುವಾಗ ಅದಕ್ಕೆ ಒಳ್ಳೆಯ ಜೊತೆ ಯಾವುದು ಗೊತ್ತೆ? ತೊಗರಿ. ಬೇಳೆಗಾಗಿ ಹೆಸರಾದ ನಾಡಿನಲ್ಲಿ ಗಂಧಕ್ಕೆ ಮೊಲೆಹಾಲು ಕೊಡುವ ದಾದಿ ತೊಗರಿಯೇ ಆದದ್ದು ನನಗಂತೂ ಖುಷಿ ಕೊಟ್ಟ ಸಂಗತಿ. ತೊಗರಿ ಒಣಗಿ ಹೋಗುವ ಹೊತ್ತಿಗೆ ಹೊಂಗೆ, ನೆಲ್ಲಿ, ಸರ್ವೆಯಂಥ ದೀರ್ಘಾಯುಷಿ ಗಿಡ ಪಕ್ಕದಲ್ಲಿ ಬೇರು ಬಿಟ್ಟಿರಬೇಕು.

ನೆಲದ ಲೆಕ್ಕವೂ ಇದೆ. ಬುಡದಲ್ಲಿ ನೀರು ನಿಂತರೆ ಗಂಧ ಬದುಕದು. ಸಿಂಧನೂರಿನ ಭತ್ತದ ಗದ್ದೆಗೂ ಅದಕ್ಕೂ ಆಗಿಬರುವುದಿಲ್ಲ. ನೀರು ಬಸಿದು ಹೋಗುವ ಮಸಾರಿ ಭೂಮಿ, ಕಲ್ಲು ಕೂಡಿದ ಮಡ್ಡಿ ಅದಕ್ಕೆ ಸರಿ. ಲಿಂಗಸುಗೂರು, ಮಸ್ಕಿ ಕಡೆ ಅಂಥ ನೆಲಕ್ಕೆ ಬರವಿಲ್ಲ. ಸಜ್ಜೆಯೂ ಸರಿಯಾಗಿ ಬಾರದು ಅಂತ ಬಿಟ್ಟ ನೆಲವದು.

ಇಷ್ಟೆಲ್ಲ ಪಾಡು ಯಾಕೆ ಅಂದರೆ, ಗಂಧದ ಎಣ್ಣೆ ಇರುವುದು ಮರ ಸತ್ತರಷ್ಟೇ ಸಿಗುವ ಜಾಗದಲ್ಲಿ. ಮಾವು ಹಣ್ಣು ಕೊಟ್ಟು ಬದುಕುತ್ತದೆ, ಬೇವು ಬೀಜ ಉದುರಿಸಿ ಬದುಕುತ್ತದೆ. ಗಂಧದ ಎಲೆಯಲ್ಲಿ, ಹೂವಿನಲ್ಲಿ, ಹೊರಗಿನ ಬಿಳಿ ಕಟ್ಟಿಗೆಯಲ್ಲಿ ಆ ಪರಿಮಳ ಇಲ್ಲ. ಇರುವುದು ಒಳಗಿನ ಚೇಗಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಬೇರಿನಲ್ಲಿ. ಹಾಗಾಗಿ ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ಚೇಗು ಕಟ್ಟಲು ಶುರುವಾಗುವುದಕ್ಕೇ ಹತ್ತು ವರ್ಷದ ಸುಮಾರು ಬೇಕು. ಎಣ್ಣೆ ಹದಕ್ಕೆ ಬರಲು ಇನ್ನೂ ಹತ್ತು ಹದಿನೈದು. ನೂರು ಕೆಜಿ ಚೇಗನ್ನು ಪುಡಿ ಮಾಡಿ, ಎರಡು ಮೂರು ದಿನ ಹಬೆ ಹಾಯಿಸಿ ಇಳಿಸಿದರೆ ಕೈಗೆ ಬರುವುದು ಐದಾರು ಕೆಜಿ ಎಣ್ಣೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಟನ್ನುಗಟ್ಟಲೆ ಕಲ್ಲು ಅರೆದು ಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆಯುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಚಿನ್ನದ ಮಾತು ಬಂದದ್ದಕ್ಕೆ ಒಂದು ಅಡ್ಡ ಕಥೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಚಿನ್ನ ಹುಡುಕುತ್ತ ಬಂದು ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ ಕಂಡ. ಆಗ ರಾಯಚೂರು ನಿಜಾಮರದು. ಮರುವರ್ಷ 1916ರಲ್ಲಿ, ಅತ್ತ ಮೈಸೂರು ಸೀಮೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಹುಟ್ಟಿತು. ಅದಕ್ಕೆ ಕಾರಣ ಯುದ್ಧ. ಅಲ್ಲಿಯವರೆಗೆ ಮೈಸೂರಿನ ಗಂಧದ ಕಟ್ಟಿಗೆ ಹಡಗೇರಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಯುದ್ಧ ಆ ದಾರಿ ಮುಚ್ಚಿತು; ಕಟ್ಟಿಗೆ ಕೋಠಿಗಳಲ್ಲೇ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಭಟ್ಟಿ ಇಳಿಸುವ ದಾರಿ ಮಾಡಿಕೊಟ್ಟರು. ಹಿಂದೆಯೇ ಸೋಪು ಬಂತು. ಶಿವಮೊಗ್ಗದಲ್ಲಿ ಎರಡನೆಯ ಎಣ್ಣೆ ಕಾರ್ಖಾನೆ ಬಂತು. 1980ರಲ್ಲಿ ಎಲ್ಲ ಸೇರಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಕಂಪನಿಯಾಯಿತು.

ಗಂಧ ತೇದು ಯಾವ ಮರವೂ ಮುಗಿದಿಲ್ಲ. ಮಸ್ಕಿಯ ಮಲ್ಲಿಕಾರ್ಜುನನ ಗುಡ್ಡದಲ್ಲಿ ಸಾಣೆಕಲ್ಲಿನ ಮೇಲೆ ಸವೆಯುವ ಕೊರಡು ಒಂದು ತಲೆಮಾರು ಬಾಳೀತು. ಮರವನ್ನು ತಿಂದದ್ದು ಭಟ್ಟಿ, ಅದರ ಬೆನ್ನಿಗೆ ಕಳ್ಳಸಾಗಣೆ, ಅದರ ಜೊತೆ ಸ್ಪೈಕ್ ರೋಗ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಈ ರೋಗ ಬಂದರೆ ಎಲೆ ಕಿರಿದಾಗಿ, ಸೆಟೆದು, ಮುಳ್ಳಿನಂತಾಗಿ ಮರ ಕೆಲವೇ ವರ್ಷದಲ್ಲಿ ಒಣಗುತ್ತದೆ, ಇಂದಿಗೂ ಮದ್ದಿಲ್ಲ. 1950ರ ದಶಕದಲ್ಲಿ ದೇಶದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಟನ್ ಸುಮಾರು ಸಿಗುತ್ತಿದ್ದ ಚೇಗು ಆಮೇಲೆ ನೂರರ ಲೆಕ್ಕಕ್ಕೆ ಇಳಿಯಿತು. ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಪಾಯದ ಪಟ್ಟಿಯಲ್ಲಿ ನಮ್ಮ ಶ್ರೀಗಂಧ ಈಗ ಇದೆ.

ಇದರಲ್ಲಿ ಕಾನೂನಿನ ಪಾಲೂ ಇದೆ ಎಂಬುದನ್ನು ಮರೆಯಬಾರದು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಆಳುವವರು ಬದಲಾದರೂ ಆ ಮಾತು ಬಹುಕಾಲ ಬದಲಾಗಲಿಲ್ಲ. ನಿಮ್ಮ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಕಳವಾದರೆ ತನಿಖೆ ಮಾತ್ರ ನಿಮ್ಮ ಮನೆ ಬಾಗಿಲಿಗೆ. ರೈತ ಏನು ಮಾಡಿಯಾನು? ಬದುವಿನಲ್ಲಿ ಸಸಿ ಕಂಡರೆ ಎರಡೆಲೆ ಇರುವಾಗಲೇ ಕಿತ್ತೆಸೆದ. ಕಾಯಲು ಬಂದ ಕಾಯ್ದೆಯೇ ಹೊಲದಿಂದ ಗಂಧವನ್ನು ಓಡಿಸಿತು. 2001ರ ತಿದ್ದುಪಡಿ ಹೊಲದ ಮರ ಹೊಲದವನದೇ ಎಂದಿತು. ಆ ಒಂದು ಸಾಲು ಇಲ್ಲದಿದ್ದರೆ ಕವಿತಾಳದ ತೋಟವೂ ಇರುತ್ತಿರಲಿಲ್ಲ.

ಹಾಗಂತ ಎಲ್ಲ ಸಲೀಸಾಯಿತೆಂದಲ್ಲ. ಗಿಡ ಪಹಣಿಯಲ್ಲಿ ಏರಬೇಕು, ಕೀಳಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪರವಾನಗಿ ಬೇಕು. ಚೇಗು ಕಟ್ಟಿದ ಮರದ ವಾಸನೆ ಕಳ್ಳನಿಗೆ ಮಾಲೀಕನಿಗಿಂತ ಮೊದಲು ಬರುತ್ತದೆ. ಮರಕ್ಕೆ ತೂತು ಹೊಡೆದು ಚೇಗಿದೆಯೇ ಅಂತ ನೋಡಿ ಹೋಗುವವರೂ ಇದ್ದಾರೆ. ಬೇಲಿ, ನಾಯಿ, ಕಾವಲುಗಾರ ಸಾಲದೆ, ಯಾರಾದರೂ ಗರಗಸ ಹಚ್ಚಿದರೆ ಫೋನಿಗೆ ಸುದ್ದಿ ಮುಟ್ಟಿಸುವ ಚಿಪ್ಪನ್ನೂ ಮರಗಳಿಗೆ ಕೂಡಿಸುವ ಕಾಲ ಬಂದಿದೆ. ಹತ್ತಿ ಬೆಳೆದವನು ಆರು ತಿಂಗಳು ನಿದ್ದೆ ಕೆಟ್ಟರೆ ಗಂಧ ಬೆಳೆದವನು ಇಪ್ಪತ್ತು ವರ್ಷ ಕೆಡಬೇಕು. ‘ಎಕರೆಗೆ ಕೋಟಿ’ ಎಂದು ಸಸಿ ಮಾರುವವರು ಈ ಖರ್ಚು ಹೇಳುವುದಿಲ್ಲ. ಆ ಕೋಟಿಯ ಮಾತನ್ನು ಅರ್ಧಕ್ಕಿಂತ ಹೆಚ್ಚು ನಂಬದಿರುವುದು ಒಳ್ಳೆಯದು.

ಇಷ್ಟು ಕಾದು ಬೆಳೆದದ್ದನ್ನು ಎಲ್ಲದಕ್ಕೂ ಸುರಿಯಬೇಕೇ ಎಂಬ ಪ್ರಶ್ನೆ ಇಲ್ಲಿಂದ ಏಳುತ್ತದೆ. ಗಂಧದ ಪರಿಮಳದ ಜೀವ ಸ್ಯಾಂಟಲಾಲ್ ಎಂಬ ರಾಸಾಯನಿಕ. ಪೈನ್ ಮರದ ಟರ್ಪೆಂಟೈನಿನಿಂದ ಹೊರಟು ಗಂಧದ ಹತ್ತಿರದ ವಾಸನೆ ಕಟ್ಟುವ ವಿದ್ಯೆ ಸುಗಂಧ ಕಂಪನಿಗಳಿಗೆ ಬಹಳ ಹಿಂದೆಯೇ ಒಲಿದಿದೆ. ಅಗ್ಗದ ಊದಿನಕಡ್ಡಿಯ ‘ಗಂಧ’ ಬಹುತೇಕ ಅಂಥದ್ದು. ಈಚೆಗೆ ಸೂಕ್ಷ್ಮಜೀವಿಗಳಿಗೆ ಸಕ್ಕರೆ ತಿನ್ನಿಸಿ ಸ್ಯಾಂಟಲಾಲನ್ನೇ ಹುದುಗು ಬರಿಸುವುದೂ ಶುರುವಾಗಿದೆ. ಆಸ್ಟ್ರೇಲಿಯಾದವರು ನಮ್ಮ ಗಂಧವನ್ನೇ ಆರ್ಡ್ ನದಿಯ ಕಾಲುವೆ ನೀರು ಕೊಟ್ಟು ಬೆಳೆದು ಮಾರುತ್ತಿದ್ದಾರೆ. ನೆಲ ಒರೆಸುವ ನೀರಿಗೆ, ಬಟ್ಟೆ ಸೋಪಿಗೆ ಇಪ್ಪತ್ತು ವರ್ಷದ ಮರ ಯಾಕೆ ಸಾಯಬೇಕು? ಅಲ್ಲಿಗೆ ಪ್ರಯೋಗಶಾಲೆಯ ವಾಸನೆ ಸಾಕು.

ರೈತನಿಗೆ ಹತ್ತಿರದ ದಾರಿ ಇನ್ನೊಂದಿದೆ, ಹುಲ್ಲಿನದು. ನಿಂಬೆಹುಲ್ಲು ಒಮ್ಮೆ ಊರಿದರೆ ನಾಲ್ಕೈದು ವರ್ಷ, ವರ್ಷಕ್ಕೆ ಮೂರು ನಾಲ್ಕು ಕೊಯ್ಲು. ಬುಡ ಉಳಿದು ತಲೆ ಮಾತ್ರ ಭಟ್ಟಿಗೆ ಹೋಗುತ್ತದೆ. ಎರಡು ಮೂರು ತಾಸಿನಲ್ಲಿ ಎಣ್ಣೆ ಇಳಿಯುತ್ತದೆ. ಲಾವಂಚದ ಬೇರು ಅಗೆಯಬೇಕು ನಿಜ, ಆದರೆ ಅದೇ ಬುಡದ ತೆಂಡೆ ಮತ್ತೆ ನೆಟ್ಟರೆ ಒಂದು ಒಂದೂವರೆ ವರ್ಷದಲ್ಲಿ ಬೇರು ತಯಾರು. ದವನವಂತೂ ನಾಲ್ಕು ತಿಂಗಳ ಬೆಳೆ. ಇವು ಯಾವುವೂ ಗಂಧವಾಗಲಾರವು, ಆಗಬೇಕಾಗಿಯೂ ಇಲ್ಲ. ಗಂಧದ ಸಾಲಿನ ನಡುವೆ ಮೊದಲ ವರ್ಷಗಳ ಖರ್ಚು ಹೊರಲು, ಮರ ದೊಡ್ಡದಾಗುವ ತನಕ ಮನೆ ನಡೆಸಲು ಬೇಕಾದರೆ ಆದೀತು.

ಗಂಧದ ಮರ ನಾಲ್ಕೈದು ವರ್ಷಕ್ಕೇ ಕಾಯಿ ಬಿಡುತ್ತದೆ. ಮಾಗಿದಾಗ ಕಪ್ಪು ನೇರಳೆ ಬಣ್ಣ. ಪಿಕಳಾರ, ಕೋಗಿಲೆಗಳಿಗೆ ಅದು ಇಷ್ಟ. ಹಣ್ಣು ತಿಂದ ಹಕ್ಕಿ ಪಕ್ಕದ ಹೊಲದ ಬೇವಿನ ಮೇಲೆ ಕೂತು ಬೀಜ ಉದುರಿಸುತ್ತದೆ, ಮಳೆಗಾಲದಲ್ಲಿ ಬೇವಿನ ಬುಡದಲ್ಲಿ ಯಾರೂ ನೆಡದ ಸಸಿ ಏಳುತ್ತದೆ. ಕವಿತಾಳದ ಆಚೀಚೆಯ ಹೊಲದವನು ಕಳೆ ತೆಗೆಯುವಾಗ ಅಂಥದ್ದೊಂದು ಕಂಡರೆ, ಕುರ್ಚಿಗಿ ಅದನ್ನು ದಾಟಿ ಹೋಗುತ್ತದೋ ಇಲ್ಲವೋ ಅವನಿಗೇ ಬಿಟ್ಟದ್ದು.