ಮರುಭೂಮಿಯ ಟ್ಯಾಂಕಿಗೆ ನೀಲಿ ಬಳಿದವರಾರು?

ಬ್ರಿಟನ್ನಿನ ಮಟಿಲ್ಡಾ ಟ್ಯಾಂಕಿನ ಪುಟ್ಟ ಮಾದರಿ ಜೋಡಿಸುವವರು ದಶಕಗಳ ಕಾಲ ಅದರ ಮೇಲೆ ತಿಳಿನೀಲಿ ಪಟ್ಟೆ ಎಳೆಯುತ್ತಿದ್ದರು. ಪುಸ್ತಕಗಳ ಬಣ್ಣದ ಪುಟಗಳಲ್ಲೂ ನೀಲಿಯೇ ಇತ್ತು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ನಿಂತ ಅಸಲಿ ಟ್ಯಾಂಕಿನ ಮೈಮೇಲೂ ಅದೇ ಬಣ್ಣ ಕಂಡಮೇಲೆ ಅನುಮಾನಪಡುವವರಾದರೂ ಯಾರು?

ಆದರೆ ಆ ನೀಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಬಳಿದದ್ದು.

1940–41ರಲ್ಲಿ ಈಜಿಪ್ಟ್, ಲಿಬಿಯಾಗಳ ಮರಳಿನಲ್ಲಿ ಓಡಿದ ಬ್ರಿಟಿಷ್ ಟ್ಯಾಂಕುಗಳಿಗೆ ಮೂರು ಬಣ್ಣಗಳ ಓರೆಪಟ್ಟೆ ಇರುತ್ತಿತ್ತು. ದೂರದಿಂದ ನೋಡುವ ಶತ್ರುವಿಗೆ ವಾಹನದ ಆಕಾರ ಗೊತ್ತಾಗಬಾರದೆಂಬುದು ಲೆಕ್ಕಾಚಾರ. ಬ್ರಿಗೇಡಿಯರ್ ಕಾಂಟರ್ ಅವರ ಹೆಸರಿನಿಂದ ಇದು ಪ್ರಸಿದ್ಧ. 1940ರ ಡಿಸೆಂಬರಿನಲ್ಲಿ ನಿಬೇವಾದ ಇಟಾಲಿಯನ್ ಶಿಬಿರದ ಮೇಲೆ ಭಾರತದ 4ನೇ ಡಿವಿಷನ್ ದಾಳಿ ಮಾಡಿದಾಗ ಜೊತೆಗೆ ನುಗ್ಗಿದ್ದೂ ಮಟಿಲ್ಡಾಗಳೇ. ಸೇನೆಯ ಬಣ್ಣಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಮೈಕ್ ಸ್ಟಾರ್ಮರ್ ಅಂದಿನ ಕಡತಗಳನ್ನೂ ಬ್ರಿಟಿಷ್ ಸ್ಟ್ಯಾಂಡರ್ಡ್ ಬಣ್ಣಪಟ್ಟಿಯನ್ನೂ ಹೋಲಿಸಿ ನಿಜಸ್ಥಿತಿ ತಿಳಿಸಿದರು. ನೀಲಿಯೆಂದು ನಂಬಿದ್ದ ಪಟ್ಟೆ ‘ಸಿಲ್ವರ್ ಗ್ರೇ’. ಹಸಿರು ಬೆರೆತ ಬೂದು.

ಹಳೆಯ ಫೋಟೋ ನೋಡಿದರೆ ಸಾಲದೇ? ಸಾಲದು. ಅಂದಿನ ಹೆಚ್ಚಿನ ಚಿತ್ರಗಳು ಕಪ್ಪು-ಬಿಳುಪು. ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ; ಕೆಂಗಂದು ಬಣ್ಣ ಅದರಲ್ಲಿ ಕಪ್ಪಾಗಿ ಮೂಡುತ್ತದೆ. ಬಣ್ಣದ ಫೋಟೋಗಳಿದ್ದರೂ ಅವುಗಳಲ್ಲಿ ಹಲವು ಕಾಲಕ್ರಮೇಣ ಮಾಸಿವೆ. ಆದ್ದರಿಂದ ಸೇನೆಯ ಆದೇಶ, ಬಣ್ಣದ ಮಾದರಿ ಚೀಟಿ, ಹೊಸ ಬಣ್ಣ ತಾಗದ ಮೂಲೆಯಲ್ಲಿ ಉಳಿದ ಹಳೆಯ ಪದರ, ಇವಕ್ಕೇ ಮೊದಲ ಮಣೆ.

ಆದೇಶ ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಜರ್ಮನಿ 1927ರಲ್ಲೇ ಆರ್‌ಎಎಲ್ ಹೆಸರಿನಲ್ಲಿ 40 ಬಣ್ಣಗಳಿಗೆ ಸಂಖ್ಯೆ ಕೊಟ್ಟು ಶಿಸ್ತು ತಂದಿತ್ತು. 1943ರ ಫೆಬ್ರುವರಿಯಿಂದ ಅದರ ಟ್ಯಾಂಕುಗಳು ಕಾರ್ಖಾನೆಯಿಂದ ಗಾಢ ಹಳದಿ ಬಳಿದುಕೊಂಡು ಹೊರಟವು. ಅದರ ಮೇಲೆ ಬಳಿಯಬೇಕಾದ ಹಸಿರು, ಕೆಂಗಂದು ಬಣ್ಣಗಳು ಮಾತ್ರ ಗಟ್ಟಿ ಪೇಸ್ಟಿನ ರೂಪದಲ್ಲಿ ಸೈನಿಕರ ಕೈ ಸೇರುತ್ತಿದ್ದವು. ಅವರು ಅದಕ್ಕೆ ಪೆಟ್ರೋಲನ್ನೋ ನೀರನ್ನೋ ಬೆರೆಸಿ ಬಳಿಯುತ್ತಿದ್ದರು. ಎಷ್ಟು ಬೆರೆಸಿದರೆಂಬುದರ ಮೇಲೆ ಒಂದೇ ಡಬ್ಬಿಯ ಬಣ್ಣ ಒಂದು ಟ್ಯಾಂಕಿನಲ್ಲಿ ದಟ್ಟ, ಇನ್ನೊಂದರಲ್ಲಿ ತೆಳು. ಬ್ರಿಟನ್ನನ್ನು ಕಾಡಿದ್ದು ಬೇರೆಯೇ ತಾಪತ್ರಯ. ಹಸಿರಿಗೆ ಬೇಕಾದ ಕ್ರೋಮಿಯಂ ಆಕ್ಸೈಡ್ ಸಾಕಷ್ಟು ಸಿಗದೆ ಯುದ್ಧದ ನಡುವಿನಲ್ಲಿ ಅದು ಕಂದು ಬಣ್ಣಕ್ಕೆ ಹೊರಳಿತು. 1944ರಲ್ಲಿ ಮತ್ತೆ ಆಲಿವ್ ಹಸಿರಿಗೆ ಬಂತು.

ಇಷ್ಟಾದ ಮೇಲೆ ಗಾತ್ರದ ಪ್ರಶ್ನೆ. 1/35 ಅಳತೆಯ ಮಾದರಿಯನ್ನು 30 ಸೆಂ.ಮೀ. ದೂರದಿಂದ ನೋಡುವುದೆಂದರೆ ಅಸಲಿ ಟ್ಯಾಂಕನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದಂತೆ. ದೂರ ಹೆಚ್ಚಿದಂತೆ ನಡುವಿನ ಗಾಳಿ, ಧೂಳಿನಿಂದ ಬಣ್ಣ ಮಂಕಾಗುತ್ತದೆ. ಅಸಲಿ ಬಣ್ಣವನ್ನೇ ಪುಟ್ಟ ಮಾದರಿಗೆ ಬಳಿದರೆ ಅತಿ ದಟ್ಟವೆನಿಸುವುದುಂಟು. ಅದಕ್ಕೇ ಅನುಭವಿಗಳು ಸ್ವಲ್ಪ ಬಿಳಿಯನ್ನೋ ಮರಳು ಬಣ್ಣವನ್ನೋ ಬೆರೆಸಿ ತಿಳಿಗೊಳಿಸುತ್ತಾರೆ. ಎಷ್ಟು ಬೆರೆಸಬೇಕೆಂಬ ಜಗಳ ಇನ್ನೂ ಮುಗಿದಿಲ್ಲ.

ಹೊಸದಾಗಿ ಕೈಹಾಕುವವರು ಡಬ್ಬಿ ಕೊಳ್ಳುವ ಮುನ್ನ ವಾಹನ ಯಾವುದು, ಯಾವ ವರ್ಷದ್ದು, ಯಾವ ರಣಾಂಗಣದ್ದು ಎಂದು ಖಚಿತಪಡಿಸಿಕೊಳ್ಳಲಿ. ಬಣ್ಣವನ್ನು ಮೊದಲು ಪ್ಲಾಸ್ಟಿಕ್ ಚೂರಿಗೆ ಬಳಿದು, ಒಣಗಿದ ಮೇಲೆ, ಮಾದರಿ ಇಡಲಿರುವ ಜಾಗದ ಬೆಳಕಿನಲ್ಲೇ ನೋಡಲಿ. ಟ್ಯೂಬ್‌ಲೈಟಿನಡಿ ಹೊಂದಿದ ಬಣ್ಣ ಬಿಸಿಲಿನಲ್ಲಿ ಹೊಂದಬೇಕೆಂದಿಲ್ಲ.