ಹಳೆಯ ಬಿಲ್ಲಿಗೆ ಹೆದೆ: ಅಳತೆಯ ಒಂದು ಪಾಠ

ಅಳತೆಯ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಪೆನ್ಸಿಲ್, ಪುಸ್ತಕ, ಬೆಂಚು. ಅಳತೆಪಟ್ಟಿ ಇಟ್ಟೊಡನೆ ಉತ್ತರ ಬಂದುಬಿಡುತ್ತದೆ. ಮಕ್ಕಳು ಯೋಚಿಸಬೇಕಾದದ್ದು ಏನೂ ಉಳಿಯುವುದಿಲ್ಲ. ಈ ಸಲದ ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಗೆ ನಾವು ಹಳೆಯ ರಿಕರ್ವ್ ಬಿಲ್ಲೊಂದನ್ನು ಕೊಂಡೊಯ್ದೆವು. ಅಮೆರಿಕದಲ್ಲಿದ್ದು ಬಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕಾಲೇಜಿಗೆ ಕೊಟ್ಟದ್ದು ಅದು. ಬಿಲ್ಲಿಗೆ ಹೆದೆ ಇರಲಿಲ್ಲ. ಎಷ್ಟು ಉದ್ದದ ಹೆದೆ ಬೇಕೆಂದು ಕಂಡುಹಿಡಿಯುವುದೇ ಪಾಠವಾಯಿತು. ತಪ್ಪು ಹೆದೆ ಕಟ್ಟಿದರೆ ಬಿಲ್ಲು ಹಾಳಾಗುತ್ತದೆ, ಹತ್ತಿರ ನಿಂತವರಿಗೆ ಪೆಟ್ಟೂ ಆಗಬಹುದು. ಆದ್ದರಿಂದ ಇಲ್ಲಿ ಉತ್ತರ ‘ಸುಮಾರಾಗಿ ಸರಿ’ ಇದ್ದರೆ ಸಾಲದು.

ರಿಕರ್ವ್ ಎಂದರೆ ತೋಳುಗಳ ತುದಿ ಬಿಲ್ಲುಗಾರನಿಂದ ಆಚೆಗೆ ಮತ್ತೆ ಬಾಗಿರುವ ಬಿಲ್ಲು. ನಮ್ಮದು ಬೇರ್ ಆರ್ಚರಿ ಕಂಪನಿಯ ಕೋಡಿಯಾಕ್ ಹಂಟರ್. ಫ್ರೆಡ್ ಬೇರ್ ಎಂಬ ಬೇಟೆಗಾರ ಕಟ್ಟಿದ ಕಂಪನಿ; ಮಿಷಿಗನ್ ರಾಜ್ಯದ ಗ್ರೇಲಿಂಗ್ ಊರಿನಲ್ಲಿದ್ದ ಕಾರ್ಖಾನೆ 1978ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಬಿಲ್ಲಿನ ಮೇಲೆ ಗ್ರೇಲಿಂಗ್ ಎಂದಿದ್ದರೆ ಅದು ಆ ಸ್ಥಳಾಂತರಕ್ಕೆ ಹಿಂದಿನದು ಎಂದು ತಿಳಿಯಬಹುದು.

ವಿವರಗಳನ್ನು ಮೊದಲು ಬಿಲ್ಲಿನ ಮೈಮೇಲೆಯೇ ಹುಡುಕಬೇಕು. ಹಿಡಿಯ ಪಕ್ಕದಲ್ಲಿ, ತೋಳಿನ ಬುಡದಲ್ಲಿ ಸಣ್ಣ ಅಕ್ಷರಗಳಲ್ಲಿ ಎಲ್ಲವೂ ಇರುತ್ತದೆ: ಕ್ರಮಸಂಖ್ಯೆ, ಉದ್ದ, ಸೆಳೆತದ ತೂಕ. ಮಕ್ಕಳು ಓದಿದ ಮೊದಲ ಸಂಖ್ಯೆ 1953. “ಇದು 1953ರ ಬಿಲ್ಲು ಸಾರ್” ಎಂದರು. ಆ ಕಾಲದ ಬೇರ್ ಬಿಲ್ಲುಗಳನ್ನು ಕೊಳ್ಳುವ ಎಷ್ಟೋ ಅಮೆರಿಕನ್ನರೂ ಹಾಗೆಯೇ ತಿಳಿಯುತ್ತಾರೆ. ಅದು ಕೆನಡಾದಲ್ಲಿ ಪಡೆದ ಪೇಟೆಂಟಿನ ವರ್ಷ. ಅನಂತರ ಎಷ್ಟೋ ವರ್ಷ ಅದೇ ಬರಹವನ್ನು ಬಿಲ್ಲುಗಳ ಮೇಲೆ ಅಂಟಿಸುತ್ತಿದ್ದರು. ಪ್ರಶಿಕ್ಷಣಾರ್ಥಿ ಇದನ್ನು ತಾನೇ ಹೇಳಿಬಿಡದೆ, “1953ಕ್ಕೆ ಮುಂಚೆ ಯಾವ ಪದ ಇದೆ, ಓದಿ” ಎಂದು ಕೇಳಿದ್ದು ನನಗೆ ಹಿಡಿಸಿತು.

ಮುಂದಿನ ಸಂಖ್ಯೆ 45. ಪಕ್ಕದಲ್ಲಿ ನಾವು ಮೊಬೈಲ್‌ನಲ್ಲಿ ಹ್ಯಾಷ್ ಎನ್ನುವ ಗುರುತು. ಅಮೆರಿಕದಲ್ಲಿ ಅದು ಪೌಂಡ್ ಚಿಹ್ನೆಯೂ ಹೌದು. ಅಂದರೆ ಹೆದೆಯನ್ನು 28 ಇಂಚು ಸೆಳೆದಾಗ ಬೆರಳಿಗೆ ಬೀಳುವ ಭಾರ 45 ಪೌಂಡ್, ಸುಮಾರು 20 ಕಿಲೋ. ಆ 28 ಇಂಚಿಗೂ ಒಂದು ಕಟ್ಟಳೆ ಇದೆ: ಹಿಡಿಯ ಅತಿ ಒಳಗಿನ ತಗ್ಗಿನಿಂದ ಹೆದೆಯವರೆಗೆ ಅಳೆದು, ಅದಕ್ಕೆ ಒಂದೂ ಮುಕ್ಕಾಲು ಇಂಚು ಕೂಡಿಸುತ್ತಾರೆ. ಕಡಿಮೆ ಸೆಳೆದರೆ ಭಾರವೂ ಕಡಿಮೆ. ಇಂತಹ ಬಿಲ್ಲಿನಲ್ಲಿ ಪ್ರತಿ ಇಂಚಿಗೆ ಎರಡು ಮೂರು ಪೌಂಡ್ ವ್ಯತ್ಯಾಸ ಬರುತ್ತದೆ. ಹೇಗೆ ನೋಡಿದರೂ ಎಂಟನೆಯ ತರಗತಿಯ ಮಗು ಎಳೆಯುವ ಬಿಲ್ಲು ಇದಲ್ಲ. ಆ ಮಾತನ್ನು ಪಾಠದ ಆರಂಭದಲ್ಲೇ ಹೇಳಿಸಿದೆ.

ಇನ್ನು ಉದ್ದ. ಬಿಲ್ಲಿನ ಮೇಲೆ ‘ಎಎಂಒ 60’ ಎಂದಿದೆ. ಎಎಂಒ ಎಂದರೆ ಬಿಲ್ಲು ತಯಾರಕರ ಸಂಘ. ಅದಕ್ಕೆ ಮೊದಲು ಒಬ್ಬೊಬ್ಬ ತಯಾರಕರು ಒಂದೊಂದು ರೀತಿಯಲ್ಲಿ ಉದ್ದ ಹೇಳುತ್ತಿದ್ದರು, ಹೆದೆ ಮಾರುವವರಿಗೆ ಗೊಂದಲವಾಗುತ್ತಿತ್ತು. ಸಂಘ ತಂದ ನಿಯಮ ತಮಾಷೆಯಾಗಿದೆ: ಬಿಲ್ಲನ್ನು ಅಳೆಯುವುದಿಲ್ಲ, ಹೆದೆಯನ್ನು ಅಳೆಯುತ್ತಾರೆ. ಹಿಗ್ಗದ ಉಕ್ಕಿನ ತಂತಿಯ ಮಾದರಿ ಹೆದೆ ಕಟ್ಟಿದಾಗ ಬಿಲ್ಲು ತಕ್ಕ ಮಟ್ಟಿಗೆ ಬಾಗಿ ನಿಂತರೆ, ಆ ತಂತಿಯ ಉದ್ದಕ್ಕೆ 3 ಇಂಚು ಕೂಡಿಸಿದ್ದೇ ಬಿಲ್ಲಿನ ‘ಉದ್ದ’. ನಮ್ಮ ಬಿಲ್ಲಿಗೆ 57 ಇಂಚಿನ ತಂತಿ ಹೊಂದುತ್ತದೆ, ಆದ್ದರಿಂದ ಅದು 60 ಇಂಚಿನ ಬಿಲ್ಲು. ಆದರೆ ನಾವು ಕಟ್ಟುವುದು ಉಕ್ಕನ್ನಲ್ಲ, ನೂಲನ್ನು. ನೂಲು ಹಿಗ್ಗುತ್ತದೆ. ಅದಕ್ಕಾಗಿ ರಿಕರ್ವ್‌ಗೆ ಇನ್ನೂ ಒಂದು ಇಂಚು ಕಡಿಮೆ ಮಾಡಿ, ಬಿಲ್ಲಿನ ಉದ್ದಕ್ಕಿಂತ 4 ಇಂಚು ಚಿಕ್ಕದಾದ ಹೆದೆ ಮಾಡುವುದು ರೂಢಿ. ನಮಗೆ ಬೇಕಾದ್ದು 56 ಇಂಚು: ಹೆದೆಯನ್ನು ಬಿಗಿಯಾಗಿ ಎಳೆದು, ಒಂದು ಕುಣಿಕೆಯ ಹೊರತುದಿಯಿಂದ ಇನ್ನೊಂದರ ಹೊರತುದಿಗೆ.

ತರಗತಿ ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ, ನಿಲ್ಲಬೇಕಾದದ್ದೂ ಇಲ್ಲಿಯೇ. ಅಂಗಡಿಯ ಪೊಟ್ಟಣದ ಮೇಲೆ ‘60’ ಎಂದಿದ್ದರೆ ಅದು 60 ಇಂಚಿನ ಹೆದೆಯೋ, 60 ಇಂಚಿನ ಬಿಲ್ಲಿನ ಹೆದೆಯೋ? ಎಎಂಒ ಎಂದು ಬರೆದಿದ್ದರೆ ಎರಡನೆಯದು. ಒಳಗಿರುವ ಹೆದೆ ಸುಮಾರು 56–57 ಇಂಚು. ‘ನಿಜ ಉದ್ದ’ ಎಂದಿದ್ದರೆ ಹೆದೆಯೇ ಅಷ್ಟು. ಎಎಂಒ 56 ಎಂದು ಬರೆದ ಹೆದೆ ತಂದರೆ ಅದು 52ರ ಆಸುಪಾಸು ಇರುತ್ತದೆ. ಅದನ್ನು ಬಲವಂತವಾಗಿ ಏರಿಸಲು ಹೋದರೆ ತೋಳುಗಳ ಮೇಲೆ ಅತಿಯಾದ ಒತ್ತಡ ಬೀಳುತ್ತದೆ. ಹೆದೆಯೇರಿಸುವಾಗಲೇ ಮುರಿದ ಶಿವಧನುಸ್ಸಿನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಒಬ್ಬಳು ಹುಡುಗಿ “ಅದಕ್ಕೂ ಹೆದೆ ಚಿಕ್ಕದಾಗಿತ್ತೇನೋ” ಎಂದಾಗ ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿಯೂ ನಕ್ಕು ಪಾಠ ಮುಂದುವರಿಸಿದರು. ಸರಿಯಾದ ನಡೆ.

ಬರಹ ಅಳಿಸಿಹೋದ ಬಿಲ್ಲಾದರೆ? ಹೆದೆ ಕಟ್ಟದ ಬಿಲ್ಲಿನ ಹೊರಮೈಯಲ್ಲಿ, ಒಂದು ತುದಿಯ ಕಚ್ಚಿನಿಂದ ಇನ್ನೊಂದು ತುದಿಯ ಕಚ್ಚಿನವರೆಗೆ, ತೋಳಿನ ಬಾಗನ್ನೇ ಅನುಸರಿಸಿ ದಾರ ಇಟ್ಟು ಅಳೆಯಬೇಕು. ನೆಟ್ಟಗೆ ತುದಿಯಿಂದ ತುದಿಗೆ ಅಳೆದರೆ ಕಡಿಮೆ ಬರುತ್ತದೆ. ಬರಹವನ್ನು ಕಾಗದದಿಂದ ಮುಚ್ಚಿ ನಾಲ್ಕು ಗುಂಪುಗಳಿಂದ ಹೀಗೆ ಅಳೆಸಿದೆವು. ಉತ್ತರಗಳು ಒಂದೇ ಆಗಿರಲಿಲ್ಲ, 60ರ ಅಕ್ಕಪಕ್ಕದಲ್ಲಿದ್ದವು. ದಾರ ಎಲ್ಲಿ ಜಾರಿತು ಎಂದು ಅವರೇ ವಾದಿಸಿದರು.

ಹೆದೆಯ ನೂಲಿನ ಬಗ್ಗೆ ಒಂದು ಮಾತು. ಈಗಿನ ಬಿಲ್ಲುಗಳಿಗೆ ಫಾಸ್ಟ್ ಫ್ಲೈಟ್‌ನಂಥ, ಹಿಗ್ಗದ ನೂಲು ಬಳಸುತ್ತಾರೆ. ಹಳೆಯ ಬಿಲ್ಲುಗಳ ತುದಿಗಳನ್ನು ಅದಕ್ಕಾಗಿ ಬಲಪಡಿಸಿರುವುದಿಲ್ಲ. ಆ ನೂಲಿನ ಹೊಡೆತಕ್ಕೆ ಕಚ್ಚು ಸೀಳಬಹುದು. ಇವಕ್ಕೆ ಡೇಕ್ರಾನ್ ಹೆದೆಯೇ ಸರಿ. ಅದು ಸ್ವಲ್ಪ ಹಿಗ್ಗಿ ಹೊಡೆತವನ್ನು ತಾನು ನುಂಗಿಕೊಳ್ಳುತ್ತದೆ.

ಏರಿಸುವ ಮುನ್ನ ತೋಳುಗಳನ್ನು ಪರೀಕ್ಷಿಸಬೇಕು. ಹತ್ತಿಯ ಉಂಡೆಯನ್ನು ಅಂಚಿನುದ್ದಕ್ಕೂ ಸವರಿದರೆ, ಗಾಜಿನೆಳೆ ಎದ್ದಿರುವ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಪದರ ಬಿಟ್ಟಿದ್ದರೆ ಅಥವಾ ತೋಳು ತಿರುಚಿದ್ದರೆ ಹೆದೆ ಕಟ್ಟುವ ಮಾತೇ ಬೇಡ, ಅದು ಗೋಡೆಗೆ. ಕಾಲಿನ ನಡುವೆ ಸಿಕ್ಕಿಸಿ ಬಗ್ಗಿಸುವ ಹಳೆಯ ಪದ್ಧತಿಯಿಂದ ತೋಳು ತಿರುಚುವುದುಂಟು. ಎರಡೂ ತುದಿಗೆ ಸಿಕ್ಕಿಸಿ, ಪಾದದಿಂದ ಮೆಟ್ಟಿ ಬಿಲ್ಲನ್ನು ಮೇಲೆತ್ತುವ ಹಗ್ಗದ ಸ್ಟ್ರಿಂಗರ್ ಬಳಸುವುದು ಒಳ್ಳೆಯದು. ಬೋಧಕರು ಮಾತ್ರ ಏರಿಸಬೇಕು, ಮಕ್ಕಳು ದೂರ ನಿಂತಿರಬೇಕು. ಬಾಣವಿಲ್ಲದೆ ಹೆದೆ ಸೆಳೆದು ಬಿಡುವುದನ್ನು ಯಾರಿಗೂ ಬಿಡಬಾರದು.

ಏರಿಸಿದ ಮೇಲೆ ಹಿಡಿಯ ತಗ್ಗಿನಿಂದ ಹೆದೆಗಿರುವ ದೂರ ಅಳೆಯುತ್ತೇವೆ. ಇದೇ ಬ್ರೇಸ್ ಹೈಟ್. ಇಷ್ಟು ಉದ್ದದ ಬಿಲ್ಲಿಗೆ ಏಳೂವರೆ, ಎಂಟು ಇಂಚಿನ ಆಸುಪಾಸು ಇರಬೇಕು. ನಮಗೆ ಮೊದಲು ಏಳು ಬಂತು. ಹೆದೆಯನ್ನು ಬಿಚ್ಚಿ ಕೆಲವು ಸುತ್ತು ಹುರಿ ಮಾಡಿದಾಗ ಅದು ಕುಗ್ಗಿ, ಎತ್ತರ ಏರಿತು. ಹುರಿಯ ಸುತ್ತುಗಳನ್ನೂ ಎತ್ತರವನ್ನೂ ಕೋಷ್ಟಕ ಮಾಡಿ ನಕ್ಷೆ ಬರೆಸಿದರೆ ಅದೇ ಇನ್ನೊಂದು ಅವಧಿಯ ಪಾಠವಾಗುತ್ತದೆ. ಹೆದೆ ಕುಗ್ಗಿದ್ದಕ್ಕಿಂತ ಎತ್ತರ ಏರಿದ್ದು ಹೆಚ್ಚು ಎಂಬುದು ಆಗ ಮಕ್ಕಳ ಕಣ್ಣಿಗೇ ಬೀಳುತ್ತದೆ.

ಪಾಠಯೋಜನೆ ಬರೆಯುವವರಿಗೆ ಸೂಚನೆ: ಎರಡು ಅವಧಿ ಇಟ್ಟುಕೊಳ್ಳಿ, ಅಳತೆಗೆ ಒಂದು, ಏರಿಸಿ ನೋಡುವುದಕ್ಕೆ ಒಂದು. ಕಪ್ಪುಹಲಗೆಯ ಮೇಲೆ ಬರೆಯುವ ಪ್ರತಿ ಉದ್ದದ ಪಕ್ಕದಲ್ಲಿ ಅದನ್ನು ಎಲ್ಲಿಂದ ಎಲ್ಲಿಗೆ ಅಳೆದದ್ದೆಂದು ಮಕ್ಕಳಿಂದಲೇ ಬರೆಸಿ. ಪಾಠ ಮುಗಿದ ಮೇಲೆ ಹೆದೆ ಇಳಿಸಿ, ಬಿಲ್ಲನ್ನು ಬಿಸಿಲು ಬೀಳದ ಕಡೆ ಅಡ್ಡವಾಗಿ ಎರಡು ಗೂಟಗಳ ಮೇಲೆ ಇಡಿ.